ಟರ್ಬೊ ಕಾರಿಗೆ ಬದಲಿ ಇಸಿಯು ಆರಿಸುವ ಕ್ರಮ: ಕರಾವಳಿಯ ಮಾಲೀಕರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು ಮತ್ತು ಉಡುಪಿಯ ಗ್ಯಾರೇಜುಗಳಲ್ಲಿ ನಾನು ಕಂಡ, ಬದಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರು) ಹಾಕಿಸಿ ಸೋತ ಟರ್ಬೊ ಕಾರುಗಳಿಗೆಲ್ಲ ಬಹುತೇಕ ಒಂದೇ ಕಥೆಯಿದೆ. ಮಾಲೀಕರು ಮೊದಲು ಕಂಪ್ಯೂಟರನ್ನು ಕೊಂಡಿರುತ್ತಾರೆ, ಆಮೇಲೆ ಅದನ್ನು ಜೋಡಿಸುವವರನ್ನು ಹುಡುಕುತ್ತಾರೆ, ಕೊನೆಗೆ ಅದಕ್ಕೆ ಮ್ಯಾಪ್ (ಯಾವಾಗ ಎಷ್ಟು ಇಂಧನ, ಯಾವಾಗ ಕಿಡಿ ಎಂಬ ಪಟ್ಟಿ) ಬರೆಯಬಲ್ಲ ಟ್ಯೂನರಿಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಕೆಳಗಿನ ಹಂತಗಳಲ್ಲಿ ಕೊಳ್ಳುವ ಕೆಲಸ ಆರನೆಯದು, ಮತ್ತು ಅದನ್ನು ಅಲ್ಲಿಯೇ ಇಟ್ಟುಕೊಳ್ಳಬೇಕು.

ಉದಾಹರಣೆಗಾಗಿ ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ (ಎವೊ) ಕಾರುಗಳನ್ನೇ ಹೆಚ್ಚಾಗಿ ತೆಗೆದುಕೊಂಡಿದ್ದೇನೆ. 9ನೇ ತಲೆಮಾರಿನವರೆಗೆ ಇದ್ದ 4ಜಿ63ಟಿ ಎಂಜಿನ್ ಮತ್ತು 10ನೇ ತಲೆಮಾರಿನ 4ಬಿ11ಟಿ ಎಂಜಿನ್ ನಮ್ಮಲ್ಲಿ ಚರ್ಚೆಗೆ ಬರುವಷ್ಟು ಬೇರಾವ ಜಪಾನಿ ಟರ್ಬೊ ಎಂಜಿನ್ನೂ ಬರುವುದಿಲ್ಲ. ಸುಬಾರು, ನಿಸಾನ್, ಟೊಯೊಟಾ ಮಾಲೀಕರಿಗೂ ಕ್ರಮ ಇದೇ, ಸೆನ್ಸರುಗಳ ವಿವರ ಮಾತ್ರ ಬೇರೆ.

ಕೈ ಹಾಕುವ ಮೊದಲು: ಕಾನೂನು

ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತಹ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಕ್ಲೇಮು ತಿರಸ್ಕರಿಸಲು ಸುಲಭದ ಕಾರಣವೂ ಆಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂತಹ ಟ್ರ್ಯಾಕಿಗೆ ಒಯ್ಯುವ ಕಾರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ರಸ್ತೆಗೂ ಇಳಿಸುವವರು ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಯಬಾರದು, ಹೊಗೆ ತಪಾಸಣೆಯಲ್ಲಿ ಪಾಸಾಗದ ಮ್ಯಾಪ್ ಹಾಕಿಸಿಕೊಳ್ಳಲೂಬಾರದು.

ಬೇಕಾಗುವ ಸಲಕರಣೆಗಳು

ಒಳ್ಳೆಯ ಮಲ್ಟಿಮೀಟರ್, ಟೈಮಿಂಗ್ ಲೈಟ್, ಕಂಪ್ರೆಷನ್ ಗೇಜ್, ವಿಂಡೋಸ್ ಇರುವ ಲ್ಯಾಪ್‌ಟಾಪ್, ಬ್ಯಾಟರಿ ಚಾರ್ಜರ್ ಮತ್ತು ಆಯಾ ಪಿನ್ನಿಗೆ ಹೊಂದುವ ಕ್ರಿಂಪಿಂಗ್ ಉಪಕರಣ ಇರಬೇಕು. ಇವುಗಳಲ್ಲಿ ನಮ್ಮವರು ಯಾವಾಗಲೂ ಬಿಟ್ಟುಬಿಡುವುದು ಕೊನೆಯದನ್ನು. ಸಾಧಾರಣ ಇಕ್ಕಳದಿಂದ ಒತ್ತಿದ ಪಿನ್ನು ಮೇಜಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಹೆದ್ದಾರಿ 66ರ ಹೊಂಡಗಳಲ್ಲಿ ಒಂದು ವಾರ ಅಲುಗಾಡಿದ ಮೇಲೆ ಅದರ ನಿಜರೂಪ ತಿಳಿಯುತ್ತದೆ.

ಹಂತ 1: ಬದಲಿ ಕಂಪ್ಯೂಟರು ನಿಜವಾಗಿ ಬೇಕೇ ಎಂದು ತೀರ್ಮಾನಿಸಿ

ಮೊದಲು ಎಂಜಿನ್ನಿನ ಆರೋಗ್ಯ ನೋಡಿ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಒಂದಕ್ಕೊಂದು ಶೇ. 10ರ ಒಳಗೆ ಇರಬೇಕು. ಟರ್ಬೊದ ಬಾಯಿ ಮುಚ್ಚಿ ಗಾಳಿ ತುಂಬಿಸಿ, ಇಂಟರ್‌ಕೂಲರ್ ಕೊಳವೆಗಳಲ್ಲಿ ಎಲ್ಲಿ ಸೋರುತ್ತದೆ ಎಂದು ಸಾಬೂನು ನೀರಿನಿಂದ ಪರೀಕ್ಷಿಸಿ. ಸೋರುವ ಕೊಳವೆಯನ್ನು ಯಾವ ಕಂಪ್ಯೂಟರೂ ಸರಿಪಡಿಸುವುದಿಲ್ಲ.

ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಮೂಲ ಕಂಪ್ಯೂಟರನ್ನೇ ಹೊಸದಾಗಿ ಬರೆದರೆ ಸಾಲದೇ? ಎವೊ 7ರಿಂದ 10ರವರೆಗಿನ ಕಾರುಗಳ ಮತ್ತು ಅನೇಕ ಸುಬಾರುಗಳ ಮೂಲ ಇಸಿಯುವನ್ನು ಟ್ಯಾಕ್ಟ್ರಿಕ್ಸ್ ಕೇಬಲ್ ಮತ್ತು ಇಸಿಯುಫ್ಲ್ಯಾಷ್ ತಂತ್ರಾಂಶದಿಂದ ಓದಿ ಮತ್ತೆ ಬರೆಯಬಹುದು, ಇದೇ ರೀಫ್ಲ್ಯಾಷ್. ಮೂಲ ಟರ್ಬೊ, ಮೂಲ ಸೆನ್ಸರುಗಳು, ಸ್ವಲ್ಪ ದೊಡ್ಡ ಇಂಜೆಕ್ಟರು, ಇಷ್ಟೇ ಇದ್ದರೆ ರೀಫ್ಲ್ಯಾಷ್ ಮಾಡಿಸಿ ಉಳಿದ ಹಣವನ್ನು ಇಂಧನ ಪಂಪಿಗೂ ಟೈರಿಗೂ ಹಾಕುವುದು ಲೇಸು.

ಬದಲಿ ಇಸಿಯು ಅಗತ್ಯವಾಗುವ ಸಂದರ್ಭಗಳು ಬೇರೆ. ಆಯಿಲ್ ಒತ್ತಡ ಕುಸಿದ ಕ್ಷಣ ಎಂಜಿನ್ ನಿಲ್ಲಬೇಕು ಎಂಬಂತಹ ರಕ್ಷಣೆ ಬೇಕಾದಾಗ, ಎಥನಾಲ್ ಸೆನ್ಸರ್ ಸೇರಿಸುವಾಗ, ಕಾಯಿಲ್ ಅಥವಾ ಥ್ರಾಟಲ್ ವ್ಯವಸ್ಥೆಯನ್ನೇ ಬದಲಿಸುವಾಗ, ಇಲ್ಲವೇ ಸಾದಾ ಲ್ಯಾನ್ಸರಿನ ಮೈಯೊಳಗೆ ಎವೊ ಎಂಜಿನ್ ಕೂರಿಸುವಾಗ ಮೂಲ ಕಂಪ್ಯೂಟರಿನ ಮಿತಿ ಮುಟ್ಟುತ್ತೇವೆ. ಹಳೆಯ ಸುಪ್ರಾ ಅಥವಾ ಸ್ಕೈಲೈನ್ ಜಿಟಿ-ಆರ್‌ನಂತಹ ಕಾರುಗಳಲ್ಲಿ ಬರೀ ಕೇಬಲ್ ಚುಚ್ಚಿ ಬರೆಯುವ ಅನುಕೂಲವೇ ಇಲ್ಲದ್ದರಿಂದ ಅಲ್ಲಿ ತೀರ್ಮಾನ ಸುಲಭ.

ಎವೊ 10ರ ಎಸ್‌ಎಸ್‌ಟಿ (ಜೋಡಿ ಕ್ಲಚ್ಚಿನ ಸ್ವಯಂಚಾಲಿತ) ಗೇರ್‌ಬಾಕ್ಸ್ ಇರುವವರು ಇಲ್ಲಿ ನಿಂತು ಯೋಚಿಸಬೇಕು. ಆ ಗೇರ್‌ಬಾಕ್ಸಿನ ಕಂಪ್ಯೂಟರು ಎಂಜಿನ್ ಎಷ್ಟು ಟಾರ್ಕ್ ಕೊಡುತ್ತಿದೆ ಎಂಬ ಲೆಕ್ಕವನ್ನು ಕಾರಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಕ್ಯಾನ್ ಜಾಲದ ಮೂಲಕ ಎಂಜಿನ್ ಕಂಪ್ಯೂಟರಿನಿಂದಲೇ ಕೇಳಿ ಪಡೆಯುತ್ತದೆ. ಆ ಭಾಷೆ ಮಾತಾಡಲು ಬಾರದ ಇಸಿಯುವನ್ನು ಜೋಡಿಸಿದರೆ ಗೇರ್‌ಬಾಕ್ಸ್ ಸುರಕ್ಷಾ ಸ್ಥಿತಿಗೆ ಜಾರುತ್ತದೆ. ನಿಮ್ಮದೇ ಮಾದರಿಯ ಗೇರ್‌ಬಾಕ್ಸಿನೊಂದಿಗೆ ಕೆಲಸ ಮಾಡುತ್ತದೆ ಎಂದು ತಯಾರಕರು ಬರೆದುಕೊಡದಿದ್ದರೆ ರೀಫ್ಲ್ಯಾಷ್‌ನಲ್ಲೇ ನಿಲ್ಲಿ.

ಹಂತ 2: ಟ್ಯೂನರ್ ಯಾರೆಂದು ನಿರ್ಧರಿಸಿ

ಈ ಹಂತವನ್ನು ಹಾರಿದವರೇ ಹೆಚ್ಚು ಸೋತಿದ್ದಾರೆ. ಹಾಲ್‌ಟೆಕ್, ಲಿಂಕ್, ಮೋಟೆಕ್, ಎಇಎಂ, ಇಸಿಯುಮಾಸ್ಟರ್, ಮ್ಯಾಕ್ಸ್‌ಇಸಿಯು ಇವುಗಳ ಪೈಕಿ ಯಾವುದಾದರೂ 4ಜಿ63ಟಿ ಎಂಜಿನ್ನನ್ನು ಚೆನ್ನಾಗಿಯೇ ಓಡಿಸಬಲ್ಲದು. ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೋ ಇಲ್ಲವೋ, ಏಸಿ ಹಾಕಿದಾಗ ಐಡಲ್ (ಕಾರು ನಿಂತಾಗ ಎಂಜಿನ್ ತಿರುಗುವ ವೇಗ) ಕುಸಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ತಂತ್ರಾಂಶದ ಮುಂದೆ ಕೂತವರ ಕೈ. ಪರಿಚಯವಿಲ್ಲದ ತಂತ್ರಾಂಶದಲ್ಲಿ ಒಳ್ಳೆಯ ಟ್ಯೂನರ್ ಕೂಡ ಡೈನೊದ (ಕಾರಿನ ಶಕ್ತಿ ಅಳೆಯುವ ಯಂತ್ರ) ಬಾಡಿಗೆ ಗಂಟೆಗಳನ್ನು ಮೆನು ಹುಡುಕುವುದರಲ್ಲಿ ಕಳೆಯುತ್ತಾರೆ, ಮತ್ತು ಆ ಗಂಟೆಗಳ ಬಿಲ್ಲು ನಿಮ್ಮದೇ.

ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ. ನನ್ನ ಎಂಜಿನ್ನನ್ನು ಯಾವ ಇಸಿಯುವಿನಲ್ಲಿ ಈಗಾಗಲೇ ಮಾಡಿದ್ದೀರಿ? ತಣ್ಣನೆಯ ಸ್ಟಾರ್ಟಿಗೆ ಎಷ್ಟು ದಿನ ಕೊಡುತ್ತೀರಿ? ಕೆಲಸ ಮುಗಿದ ಮೇಲೆ ಮ್ಯಾಪಿನ ಕಡತ ಮತ್ತು ಪಾಸ್‌ವರ್ಡ್ ನನಗೆ ಸಿಗುತ್ತದೆಯೇ? ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ನಾನಾದರೆ ಬೇರೆಯವರನ್ನು ಹುಡುಕುತ್ತೇನೆ. ತಣ್ಣನೆಯ ಸ್ಟಾರ್ಟಿನ ಪ್ರಶ್ನೆ ಮುಖ್ಯ ಯಾಕೆಂದರೆ ಎಂಜಿನ್ ದಿನಕ್ಕೆ ಒಂದೇ ಬಾರಿ ಪೂರ್ತಿ ತಣ್ಣಗಿರುತ್ತದೆ. ಒಂದೇ ದಿನದಲ್ಲಿ ಡೈನೊದಿಂದ ಇಳಿಸಿದ ಕಾರಿನ ಸ್ಟಾರ್ಟಿಂಗ್ ಪಟ್ಟಿ ಬಹುಮಟ್ಟಿಗೆ ಊಹೆಯೇ ಆಗಿರುತ್ತದೆ.

ಬೆಂಗಳೂರಿನ ಅಥವಾ ಕೊಯಮತ್ತೂರಿನ ಡೈನೊಗೆ ಹೋಗುವವರು ಟ್ಯೂನರನ್ನು ಮೊದಲು ಗೊತ್ತುಮಾಡಿಕೊಂಡು, ಅವರು ಸೂಚಿಸುವ ಎರಡು ಇಸಿಯುಗಳ ಹೆಸರನ್ನು ಮಾತ್ರ ಮುಂದಿನ ಹಂತಕ್ಕೆ ಕೊಂಡೊಯ್ಯಬೇಕು.

ಹಂತ 3: ಎಂಜಿನ್ನಿನ ತಂತಿಗಳನ್ನು ಎಣಿಸಿ

ಒಂದು ಹಾಳೆಯಲ್ಲಿ ಎರಡು ಕಂಬಸಾಲು ಎಳೆಯಿರಿ. ಎಡಗಡೆ ಕಂಪ್ಯೂಟರಿಗೆ ಒಳಬರುವ ಸಂಕೇತಗಳು, ಬಲಗಡೆ ಅದು ಹೊರಗೆ ನಡೆಸಬೇಕಾದ ಸಾಮಗ್ರಿಗಳು. ಎವೊ 9ರ ಬಲಗಡೆ ಹೀಗೆ ಬರುತ್ತದೆ: ಇಂಜೆಕ್ಟರು 4, ಇಗ್ನಿಷನ್ 2, ಐಡಲ್ ಮೋಟಾರು 4, ಮೈವೆಕ್ (ವಾಲ್ವ್ ತೆರೆಯುವ ಸಮಯ ಬದಲಿಸುವ) ಸೊಲೆನಾಯ್ಡ್ 1, ಬೂಸ್ಟ್ ಸೊಲೆನಾಯ್ಡ್ 1, ಇಂಧನ ಪಂಪಿನ ರಿಲೇ 1, ರೇಡಿಯೇಟರ್ ಫ್ಯಾನು 2, ಟ್ಯಾಕೊಮೀಟರ್ 1, ಏಸಿ ರಿಲೇ 1, ಮುಖ್ಯ ರಿಲೇ 1. ಒಟ್ಟು 18.

ಇದರಲ್ಲಿ ಜನ ಎಡವುವುದು ಐಡಲ್ ಮೋಟಾರಿನಲ್ಲಿ. ಅದು ಸ್ಟೆಪ್ಪರ್ ಮೋಟಾರು, ಒಂದೇ ಸಾಮಗ್ರಿಯಾದರೂ ನಾಲ್ಕು ಔಟ್‌ಪುಟ್ ನುಂಗುತ್ತದೆ. ‘ನಾಲ್ಕು ಸಿಲಿಂಡರ್ ಕಾರಿಗೆ ಸಾಕು’ ಎಂಬ ಮಾತು ನಂಬಿ ಚಿಕ್ಕ ಇಸಿಯು ತಂದವರು ಕೊನೆಗೆ ಫ್ಯಾನಿಗೆ ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ಚು ಹಾಕಿಸಿಕೊಳ್ಳುತ್ತಾರೆ. ಪಂಪ್‌ವೆಲ್ ವೃತ್ತದ ಸಂಜೆಯ ಸಾಲಿನಲ್ಲಿ ಆ ಸ್ವಿಚ್ಚನ್ನು ಒಮ್ಮೆ ಮರೆತರೆ ಹೆಡ್ ಗ್ಯಾಸ್ಕೆಟ್ ಬೆಲೆ ಗೊತ್ತಾಗುತ್ತದೆ.

ಎಡಗಡೆಯಲ್ಲಿ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳು, ಥ್ರಾಟಲ್ ಸ್ಥಾನ, ಕೂಲಂಟ್ ತಾಪ, ವಾಹನ ವೇಗ, ನಾಕ್ (ಇಂಧನ ಅಕಾಲದಲ್ಲಿ ಸಿಡಿಯುವುದು) ಸೆನ್ಸರ್, ಏಸಿ ಬೇಡಿಕೆ ಇವು ಮೂಲದಲ್ಲೇ ಇರುತ್ತವೆ. ಇವುಗಳ ಜೊತೆಗೆ ನಾವು ಸೇರಿಸುವುದು ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು, ಬರೆಸುವ ಮ್ಯಾಪ್ ಬೇರೆ), ಇಂಟರ್‌ಕೂಲರ್ ದಾಟಿದ ಗಾಳಿಯ ತಾಪ, ಆಯಿಲ್ ಒತ್ತಡ, ಇಂಧನ ಒತ್ತಡ, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮತ್ತು ಎಥನಾಲ್ ಸೆನ್ಸರ್. ಪ್ರತಿಯೊಂದಕ್ಕೂ ಒಂದು ಖಾಲಿ ಪಿನ್ನು ಬೇಕು. ಎಣಿಕೆಯ ಮೇಲೆ ಎರಡು ಇನ್‌ಪುಟ್ ಮತ್ತು ಎರಡು ಔಟ್‌ಪುಟ್ ಹೆಚ್ಚಿಗೆ ಇರುವ ಇಸಿಯುವನ್ನೇ ನೋಡಿ.

ಕ್ರ್ಯಾಂಕ್ ಸೆನ್ಸರಿನ ಜಾತಿಯನ್ನೂ ಬರೆದಿಡಿ. 4ಜಿ63ಟಿಯಲ್ಲಿ ಹಾಲ್ ಸೆನ್ಸರ್, 2ಜೆಝಡ್ ಎಂಜಿನ್ನಿನಲ್ಲಿ ಕಾಂತೀಯ ಸುರುಳಿಯ ಸೆನ್ಸರ್, ಆರ್‌ಬಿ26ರಲ್ಲಿ ಬೆಳಕಿನಿಂದ ಓದುವ ತೂತಿನ ತಟ್ಟೆ. ಇಸಿಯು ಆ ನಮೂನೆಯನ್ನು ಸಿದ್ಧಪಟ್ಟಿಯಿಂದಲೇ ಆರಿಸಲು ಕೊಡಬೇಕು. ‘ಹಲ್ಲುಗಳನ್ನು ನಾವೇ ಬರೆದುಕೊಂಡರಾಯಿತು’ ಎಂದು ಮಾರುವವರು ಹೇಳಿದರೆ ಆ ಸಾಹಸ ನಿಮ್ಮ ಎಂಜಿನ್ನಿನ ಮೇಲೆ ನಡೆಯುತ್ತದೆ ಎಂದು ತಿಳಿಯಿರಿ.

ಮ್ಯಾಪ್ ಸೆನ್ಸರ್ ಕೊಳ್ಳುವಾಗ ಒಂದು ಲೆಕ್ಕದ ತಪ್ಪು ಪದೇ ಪದೇ ಆಗುತ್ತದೆ. 3 ಬಾರ್ ಸೆನ್ಸರ್ ಎಂದರೆ ನಿರಪೇಕ್ಷ ಒತ್ತಡ, ಅದರಲ್ಲಿ ಒಂದು ಬಾರ್ ವಾತಾವರಣದ್ದೇ. ಹಾಗಾಗಿ ಅದು ಅಳೆಯಬಲ್ಲ ಬೂಸ್ಟ್ (ಟರ್ಬೊ ಸೇರಿಸುವ ಹೆಚ್ಚುವರಿ ಒತ್ತಡ) 2 ಬಾರ್, ಅಂದರೆ 29 ಪಿಎಸ್‌ಐ ಮಾತ್ರ. ಅದಕ್ಕಿಂತ ಮೇಲೆ ಹೋದರೆ ಕಂಪ್ಯೂಟರು ಕುರುಡಾಗುತ್ತದೆ.

ಹಂತ 4: ಇಂಧನದ ಲೆಕ್ಕ ಹಾಕಿ

ಜಪಾನಿನ ದೇಶೀ ಮಾರುಕಟ್ಟೆಗೆ ತಯಾರಾದ ಕಾರುಗಳ ಮೂಲ ಮ್ಯಾಪ್ 100ರ ಹತ್ತಿರದ ಆಕ್ಟೇನ್ ಪೆಟ್ರೋಲನ್ನು ನಂಬಿ ಬರೆದದ್ದು. ತೈಲ ಸಂಸ್ಕರಣಾಗಾರವನ್ನೇ ಊರಿನಲ್ಲಿಟ್ಟುಕೊಂಡ ಮಂಗಳೂರಿನವರಾದರೂ ನಾವು 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲನ್ನು ಆಧಾರವಾಗಿಟ್ಟುಕೊಂಡೇ ಟ್ಯೂನ್ ಮಾಡಿಸಬೇಕು. ಎಂದೋ ಒಮ್ಮೆ ಸಿಕ್ಕ 100 ಆಕ್ಟೇನಿಗೆ ಮ್ಯಾಪ್ ಬರೆಸಿ ದಿನವೂ ಬೇರೆಯದನ್ನು ತುಂಬಿಸುವುದು ಪಿಸ್ಟನ್ ಒಡೆಯುವ ಖಚಿತ ದಾರಿ.

ಈಗಿನ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಭಾಗ ಎಥನಾಲ್. ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಶೇ. 9ರಷ್ಟು ಹೆಚ್ಚು ಇಂಧನ ಸುರಿಯಬೇಕು. ಟ್ಯೂನರ್ ಜೊತೆ ಮಾತಾಡುವಾಗ ಗಾಳಿ-ಇಂಧನ ಅನುಪಾತದ ಅಂಕಿಯನ್ನು ಬಿಟ್ಟು ಲ್ಯಾಂಬ್ಡಾ ಅಂಕಿಯನ್ನೇ ಬಳಸಿ, ಇಂಧನ ಯಾವುದಾದರೂ ಲ್ಯಾಂಬ್ಡಾ 1 ಎಂದರೆ ಪೂರ್ಣ ಉರಿಯೇ. ಪೂರ್ಣ ಬೂಸ್ಟಿನಲ್ಲಿ 0.78ರಿಂದ 0.82ರ ನಡುವೆ ಇರುವುದು ವಾಡಿಕೆ.

ಇಂಜೆಕ್ಟರಿನ ಗಾತ್ರ ಹೀಗೆ ಸಿಗುತ್ತದೆ. ಟರ್ಬೊ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಕುಡಿಯುತ್ತದೆ. 400 ಅಶ್ವಶಕ್ತಿಗೆ 240 ಪೌಂಡ್, ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 60. ಇಂಜೆಕ್ಟರು ಶೇ. 85ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದಿಟ್ಟುಕೊಂಡರೆ ಸುಮಾರು 70 ಪೌಂಡ್, ಅಂದರೆ ನಿಮಿಷಕ್ಕೆ 740 ಸಿಸಿ. ಇ20ರ ಶೇ. 9 ಸೇರಿಸಿದಾಗ ಸುಮಾರು 800 ಸಿಸಿ ಆಯಿತು. ಎವೊ 9ರ ಮೂಲ ಇಂಜೆಕ್ಟರು 560 ಸಿಸಿಯದ್ದು, ಆದ್ದರಿಂದ ಬದಲಿಸದೆ ವಿಧಿಯಿಲ್ಲ.

ಬದಲಿಸುವಾಗ ಮಲ್ಟಿಮೀಟರಿನಿಂದ ಇಂಜೆಕ್ಟರಿನ ರೋಧವನ್ನು ಅಳೆಯಿರಿ. 12 ಓಮ್ ಆಸುಪಾಸು ಬಂದರೆ ಬಹುತೇಕ ಎಲ್ಲ ಇಸಿಯುಗಳೂ ನೇರವಾಗಿ ನಡೆಸುತ್ತವೆ. 2 ಅಥವಾ 3 ಓಮ್ ಬಂದರೆ ಅದು ಕಡಿಮೆ ರೋಧದ ಇಂಜೆಕ್ಟರು. ಹಳೆಯ ಎವೊಗಳಲ್ಲಿ ಇದಕ್ಕಾಗಿಯೇ ಒಂದು ರೆಸಿಸ್ಟರ್ ಪೆಟ್ಟಿಗೆ ಇತ್ತು. ಅದನ್ನು ‘ಹಳೆಯ ಕಸ’ ಎಂದು ಕಿತ್ತೆಸೆದು ತಂತಿಯನ್ನು ನೇರ ಜೋಡಿಸಿದರೆ ಇಸಿಯುವಿನೊಳಗೆ ಇಂಜೆಕ್ಟರು ನಡೆಸುವ ಬಿಡಿಭಾಗ (ಡ್ರೈವರ್) ಸುಟ್ಟುಹೋಗುತ್ತದೆ. ಹೊಸ 12 ಓಮ್ ಇಂಜೆಕ್ಟರು ಹಾಕಿಯೂ ಆ ಪೆಟ್ಟಿಗೆಯನ್ನು ಉಳಿಸಿಕೊಂಡರೆ ಇಂಜೆಕ್ಟರು ನಿಧಾನವಾಗಿ ತೆರೆದುಕೊಂಡು ಐಡಲ್ ಎಂದೂ ಸರಿಹೋಗದು. ಇಂಜೆಕ್ಟರಿನ ಡೆಡ್ ಟೈಮ್ (ಸಂಕೇತ ಬಂದ ಮೇಲೆ ತೆರೆಯಲು ಹಿಡಿಯುವ ಸಮಯ) ಪಟ್ಟಿಯನ್ನು ಮಾರಾಟಗಾರರಿಂದ ಕಡ್ಡಾಯವಾಗಿ ಕೇಳಿ ಪಡೆಯಿರಿ. ಪಟ್ಟಿ ಕೊಡಲಾಗದ ಇಂಜೆಕ್ಟರು ಎಷ್ಟೇ ಅಗ್ಗವಾದರೂ ಬೇಡ.

ಎಥನಾಲ್ ಸೆನ್ಸರ್ ದುಬಾರಿಯ ಅಲಂಕಾರವಾಗಿ ತೋರಬಹುದು, ಆದರೆ ನಾನದನ್ನು ಈಗ ಅಗತ್ಯವೆಂದೇ ಭಾವಿಸುತ್ತೇನೆ. ಸಾಮಾನ್ಯವಾಗಿ ಸಿಗುವ ಸೆನ್ಸರ್ ಎಥನಾಲ್ ಇಲ್ಲದಾಗ 50 ಹರ್ಟ್ಸ್, ಪೂರ್ತಿ ಎಥನಾಲಿಗೆ 150 ಹರ್ಟ್ಸ್ ಸಂಕೇತ ಕೊಡುತ್ತದೆ, ಇ20ಗೆ 70 ಬರಬೇಕು. ಈ ಸಂಕೇತವನ್ನು ಓದುವ ಡಿಜಿಟಲ್ ಇನ್‌ಪುಟ್ ಇಸಿಯುವಿನಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನೊಳಗೆ ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಮೂಲೆ ಹಿಡಿಯುವುದಾದರೆ ಟ್ಯಾಂಕು ತುಂಬಿಸಿಯೇ ನಿಲ್ಲಿಸಿ.

ಹಂತ 5: ಜೋಡಣೆಯ ಬಗೆಯನ್ನು ಆರಿಸಿ

ಮೂಲ ಪ್ಲಗ್ಗಿಗೇ ಚುಚ್ಚುವ ಪ್ಲಗ್-ಇನ್ ಇಸಿಯು, ಹೊಸ ತಂತಿಜಾಲ ಬೇಡುವ ವೈರ್-ಇನ್, ಮೂಲ ಕಂಪ್ಯೂಟರಿಗೆ ಸುಳ್ಳು ಸಂಕೇತ ಕೊಟ್ಟು ನಡೆಸುವ ಪಿಗ್ಗಿಬ್ಯಾಕ್ ಎಂದು ಮೂರು ಬಗೆ. ಪಿಗ್ಗಿಬ್ಯಾಕನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಎರಡು ಕಂಪ್ಯೂಟರುಗಳ ಜಗಳದಲ್ಲಿ ತಪ್ಪು ಯಾರದೆಂದು ಹುಡುಕುವುದರಲ್ಲೇ ಟ್ಯೂನರನ ದಿನ ಮುಗಿಯುತ್ತದೆ.

ಮೂಲ ತಂತಿಜಾಲ ಗಟ್ಟಿಯಾಗಿದ್ದರೆ ಪ್ಲಗ್-ಇನ್ ಒಳ್ಳೆಯದು. ಕಾರು ಮಾರುವಾಗ ಒಂದು ಸಂಜೆಯಲ್ಲಿ ಮೂಲ ಪೆಟ್ಟಿಗೆ ಮರಳಿ ಕೂರುತ್ತದೆ. ಆದರೆ ಇಪ್ಪತ್ತು ವರ್ಷ ಎಂಜಿನ್ ಕೋಣೆಯ ಬಿಸಿಯಲ್ಲಿ ಬೆಂದು, ಬಗ್ಗಿಸಿದರೆ ಹಪ್ಪಳದಂತೆ ಮುರಿಯುವ ತಂತಿಗಳಿದ್ದಲ್ಲಿ ಪ್ಲಗ್-ಇನ್ ಕೂರಿಸುವುದು ಹಾಳು ಗೋಡೆಗೆ ಹೊಸ ಬಣ್ಣ ಬಳಿದಂತೆಯೇ. ಅಂಥ ಕಾರಿಗೆ ವೈರ್-ಇನ್ ತಂದು, ತಂತಿಜಾಲವನ್ನು ಪೂರ್ತಿ ಹೊಸದಾಗಿ ಮಾಡಿಸಿ. ನನ್ನ ಲೆಕ್ಕದಲ್ಲಿ ಆಗ ಇಸಿಯುವಿನ ಬೆಲೆ ಒಟ್ಟು ಖರ್ಚಿನ ಅರ್ಧವನ್ನೂ ಮೀರಬಾರದು. ಸೆನ್ಸರು, ತಂತಿ, ಕನೆಕ್ಟರು, ಡೈನೊ ಇವಕ್ಕೆ ಉಳಿದರ್ಧ ತೆಗೆದಿಡಿ.

ಹಂತ 6: ಈಗ ಕೊಳ್ಳಿರಿ

ಟ್ಯೂನರ್ ಹೇಳಿದ ಎರಡು ಹೆಸರು, ನಿಮ್ಮ ಎಣಿಕೆಯ ಹಾಳೆ, ಇಂಧನದ ಲೆಕ್ಕ, ಜೋಡಣೆಯ ಬಗೆ ಇಷ್ಟೂ ಕೈಯಲ್ಲಿದ್ದಾಗ ಆಯ್ಕೆ ತಾನಾಗಿಯೇ ಆಗಿಬಿಟ್ಟಿರುತ್ತದೆ. ಕೊನೆಯದಾಗಿ ನಾಲ್ಕು ಗುಣಗಳನ್ನು ನೋಡಿ: ನಾಕ್ ನಿಯಂತ್ರಣ, ಆಯಿಲ್ ಮತ್ತು ಇಂಧನ ಒತ್ತಡದ ಮೇಲೆ ಎಂಜಿನ್ ಕಡಿತ, ಲ್ಯಾಪ್‌ಟಾಪ್ ಇಲ್ಲದೆಯೂ ಒಳಗೇ ದಾಖಲಿಸುವ ಸೌಕರ್ಯ, ವಾತಾವರಣದ ಒತ್ತಡಕ್ಕೆ ಪ್ರತ್ಯೇಕ ಸೆನ್ಸರ್. ವೈಡ್‌ಬ್ಯಾಂಡ್ ನಿಯಂತ್ರಕ ಒಳಗೇ ಇದ್ದರೆ ಒಂದು ಪೆಟ್ಟಿಗೆ ಮತ್ತು ಒಂದು ತೊಂದರೆ ಕಡಿಮೆ. ಆ್ಯಂಟಿ-ಲ್ಯಾಗ್ (ಕಾಲು ತೆಗೆದಾಗಲೂ ಟರ್ಬೊವನ್ನು ತಿರುಗಿಸುತ್ತಿರುವ ಸೌಲಭ್ಯ) ಇದೆಯೇ ಎಂದು ಮೊದಲ ಪ್ರಶ್ನೆ ಕೇಳುವವರು ಟರ್ಬೈನಿನ ಬೆಲೆಯನ್ನೂ ಕೇಳಿಟ್ಟುಕೊಳ್ಳಲಿ.

ನಾಕ್ ನಿಯಂತ್ರಣ ಇದೆ ಎಂದರೆ ಸಾಲದು, ಆವರ್ತನ ಹೊಂದಿಸಲು ಬರಬೇಕು. ನಾಕ್‌ನ ಸದ್ದಿನ ಆವರ್ತನ ಸಿಲಿಂಡರಿನ ಅಗಲವನ್ನು ಅವಲಂಬಿಸಿದೆ: 900 ಅನ್ನು ಪೈ ಮತ್ತು ಮಿಲಿಮೀಟರಿನಲ್ಲಿ ಬೋರಿನ ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿದರೆ ಕಿಲೊಹರ್ಟ್ಸ್ ಲೆಕ್ಕದಲ್ಲಿ ಅಂದಾಜು ಸಿಗುತ್ತದೆ. 85 ಮಿಲಿಮೀಟರ್ ಬೋರಿನ 4ಜಿ63ಟಿಗೆ ಅದು 6.7.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ನಿಯಮ. ಹಣ ಕೊಡುವ ಮುನ್ನ ಇಸಿಯುವಿಗೆ 12 ವೋಲ್ಟ್ ಕೊಟ್ಟು, ಲ್ಯಾಪ್‌ಟಾಪ್ ಜೋಡಿಸಿ, ಮ್ಯಾಪ್ ತೆರೆಯುತ್ತದೆಯೇ ನೋಡಿ. ಹಿಂದಿನ ಟ್ಯೂನರ್ ಹಾಕಿದ ಪಾಸ್‌ವರ್ಡ್ ಇದ್ದರೆ ಅದು ಮಾರಿದವರಿಗೂ ಗೊತ್ತಿರುವುದಿಲ್ಲ. ಕೆಲವು ತಯಾರಕರು ಸೌಲಭ್ಯಗಳನ್ನು ಪ್ರತ್ಯೇಕ ಪರವಾನಗಿಯಾಗಿ ಮಾರುತ್ತಾರೆ, ಆ ಪೆಟ್ಟಿಗೆಯಲ್ಲಿ ಯಾವುವು ತೆರೆದಿವೆ ಎಂಬುದನ್ನೂ ಪರದೆಯ ಮೇಲೇ ನೋಡಿ ಖಚಿತಪಡಿಸಿಕೊಳ್ಳಿ. ಹೊಸದನ್ನು ವಿದೇಶದಿಂದ ನೇರ ತರಿಸಿದರೆ ದುರಸ್ತಿಗೆ ಕಳುಹಿಸಿ ಮರಳಿ ಪಡೆಯುವಾಗಲೂ ಕಸ್ಟಮ್ಸ್ ದಾಟಬೇಕು.

ಹಂತ 7: ನೀರು ಮುಟ್ಟದ ಕಡೆ ಕೂರಿಸಿ

ಇದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ನನ್ನ ಹಳೆಯ ಲ್ಯಾನ್ಸರಿಗೆ ವೈರ್-ಇನ್ ಇಸಿಯು ಹಾಕಿಸಿದಾಗ, ಜೋಡಿಸಿದವರು ಅದನ್ನು ಎಡಗಡೆ ಪ್ರಯಾಣಿಕರ ಕಾಲಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ ಕೂರಿಸಿದರು. ಅಂದವಾಗಿಯೇ ಕಾಣುತ್ತಿತ್ತು, ನಾನೂ ತಲೆಯಾಡಿಸಿದೆ. ಜುಲೈಯ ಒಂದು ಬೆಳಿಗ್ಗೆ ಪಡುಬಿದ್ರಿ ದಾಟುತ್ತಿದ್ದಂತೆ ಕಾರು ಮೂರೇ ಸಿಲಿಂಡರಿನಲ್ಲಿ ನಡುಗತೊಡಗಿತು. ಸ್ಪಾರ್ಕ್ ಪ್ಲಗ್, ಕಾಯಿಲ್ ಎಲ್ಲ ಬದಲಿಸಿ ಎರಡು ದಿನ ಕಳೆದ ಮೇಲೆ ಕಾರ್ಪೆಟ್ಟಿಗೆ ಕೈಯಿಟ್ಟರೆ ಹಿಂಡಿದ ಬಟ್ಟೆಯಷ್ಟು ಒದ್ದೆ. ಇಸಿಯುವಿನ ಪ್ಲಗ್ ಎಳೆದಾಗ ಮೂರು ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಹುಡಿಹುಡಿಯಾಗಿ ಉದುರಿತು. ನೀರು ಬಂದದ್ದು ಮುಂಗಾಜಿನ ಕೆಳಗಿನ ತೂಬಿನಿಂದ. ಕಡಲ ಬದಿಯ ಗಾಳಿಮರದ ಸೂಜಿಯೆಲೆಗಳು ಅದರ ಬಾಯಿಯಲ್ಲಿ ಹುಲ್ಲಿನ ಕಟ್ಟಿನಂತೆ ಗಂಟಾಗಿದ್ದವು.

ಆದ್ದರಿಂದ ಇಸಿಯು ನೆಲದಲ್ಲಿ ಬೇಡ, ಗ್ಲೋವ್ ಬಾಕ್ಸಿನ ಹಿಂದೆ ಎತ್ತರದಲ್ಲಿ ಇರಲಿ, ಪ್ಲಗ್ಗುಗಳು ಕೆಳಮುಖವಾಗಿರಲಿ. ತಂತಿಜಾಲ ಇಸಿಯುವಿಗೆ ಸೇರುವ ಮುನ್ನ ಅದಕ್ಕಿಂತ ಕೆಳಗೆ ಒಮ್ಮೆ ಇಳಿದು ಮೇಲೇರುವಂತೆ ಬಾಗಿಸಿದರೆ ತಂತಿಯ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಎಂಜಿನ್ ಕೋಣೆಯಲ್ಲಿ ರಬ್ಬರ್ ಸೀಲ್ ಇರುವ ಕನೆಕ್ಟರುಗಳನ್ನೇ ಬಳಸಿ, ಖಾಲಿ ರಂಧ್ರಗಳಿಗೆ ಬಿರಡೆ ಹಾಕಿ. ಸೋಲ್ಡರ್ ಹಾಕಿದ ತಂತಿ ಆ ಬಿಂದುವಿನ ಪಕ್ಕದಲ್ಲೇ ಗಡಸಾಗಿ ಕಂಪನಕ್ಕೆ ಮುರಿಯುವುದರಿಂದ ಕ್ರಿಂಪ್ ಮಾಡಿ, ಅಂಟಿರುವ ಹೀಟ್‌ಶ್ರಿಂಕ್ ಹಾಕಿ.

ಸೆನ್ಸರುಗಳ ನೆಗೆಟಿವ್ ತಂತಿಗಳು ಕಾರಿನ ಲೋಹದ ಮೈಗೆ ಹೋಗಬಾರದು, ಇಸಿಯುವಿನ ಸೆನ್ಸರ್ ಗ್ರೌಂಡ್ ಪಿನ್ನಿಗೇ ಮರಳಬೇಕು. ಇಸಿಯುವಿನ ಮುಖ್ಯ ಗ್ರೌಂಡುಗಳು ಎಂಜಿನ್ ಬ್ಲಾಕಿನ ಒಂದೇ ಬೋಲ್ಟಿಗೆ, ಬಣ್ಣ ಕೆರೆದ ಲೋಹಕ್ಕೆ ತಾಗಬೇಕು. ಉಪ್ಪುಗಾಳಿಯ ಊರಿನಲ್ಲಿ ಆ ಬೋಲ್ಟನ್ನು ಪ್ರತಿ ಮಳೆಗಾಲದ ಮೊದಲು ಬಿಚ್ಚಿ ಒರೆಸಿ ಗ್ರೀಸ್ ಹಚ್ಚುವುದನ್ನು ಆಯಿಲ್ ಬದಲಿಸಿದಷ್ಟೇ ನಿಯಮವಾಗಿ ಮಾಡಿ. ಕ್ರ್ಯಾಂಕ್ ಸೆನ್ಸರಿಗೆ ಕವಚವಿರುವ ತಂತಿ ಬೇಕು, ಅದು ಕಾಯಿಲ್ ತಂತಿಗಳ ಜೊತೆ ಒಂದೇ ಕಟ್ಟಿನಲ್ಲಿ ಸಾಗಬಾರದು.

ಹಂತ 8: ಮೊದಲ ಸ್ಟಾರ್ಟಿಗೆ ಮುನ್ನ ಟೈಮಿಂಗ್ ನೋಡಿ

ಇಂಜೆಕ್ಟರುಗಳ ಪ್ಲಗ್ ಕಿತ್ತಿಟ್ಟು, ತಂತ್ರಾಂಶದಲ್ಲಿ ಇಗ್ನಿಷನ್ನನ್ನು 10 ಡಿಗ್ರಿಗೆ ಬಂಧಿಸಿ, ಸ್ಟಾರ್ಟರ್ ತಿರುಗಿಸುತ್ತಾ ಕ್ರ್ಯಾಂಕ್ ಪುಲ್ಲಿಯ ಮೇಲೆ ಟೈಮಿಂಗ್ ಲೈಟ್ ಹಿಡಿಯಿರಿ. ಗುರುತು 10ರಲ್ಲಿ ನಿಲ್ಲದಿದ್ದರೆ ಇಸಿಯುವಿನ ಟ್ರಿಗರ್ ಕೋನವನ್ನು ತಿದ್ದಿ. ಎಂಜಿನ್ ಸ್ಟಾರ್ಟ್ ಆದ ಮೇಲೆ, ಟೈಮಿಂಗ್ ಇನ್ನೂ ಬಂಧಿಸಿರುವಾಗಲೇ 4,000 ಆರ್‌ಪಿಎಂವರೆಗೆ ಏರಿಸಿ ಮತ್ತೆ ನೋಡಿ. ವೇಗ ಹೆಚ್ಚಿದಂತೆ ಗುರುತು ಸರಿಯುತ್ತಿದ್ದರೆ ಸೆನ್ಸರಿನ ಧ್ರುವ ತಿರುಗಿದೆ ಅಥವಾ ಇಗ್ನಿಷನ್ ವಿಳಂಬದ ಅಂಕಿ ತಪ್ಪಾಗಿದೆ. ಈ ಹತ್ತು ನಿಮಿಷದ ಕೆಲಸವನ್ನು ಬಿಟ್ಟವರ ಪರದೆಯಲ್ಲಿ 12 ಡಿಗ್ರಿ ಎಂದಿರುತ್ತದೆ, ಸಿಲಿಂಡರಿನೊಳಗೆ 20 ನಡೆಯುತ್ತಿರುತ್ತದೆ.

ಹಂತ 9: ಘಟ್ಟದ ಮೇಲೆ ಬರೆಸಿದ ಮ್ಯಾಪನ್ನು ಘಟ್ಟದ ಕೆಳಗೆ ಪರೀಕ್ಷಿಸಿ

ಬೆಂಗಳೂರಿನಲ್ಲಿ ಟ್ಯೂನ್ ಆಗಿ ಬಂದ ಕಾರು ಮಂಗಳೂರಿನಲ್ಲಿ ನಾಕ್ ಆಗುವುದನ್ನು ಕಂಡು ಪೆಟ್ರೋಲ್ ಬಂಕನ್ನು ಬೈಯುವವರು ಬಹಳ. ಬಂಕಿನ ತಪ್ಪು ಇರಲೂಬಹುದು, ಆದರೆ ಮೊದಲು ಎತ್ತರದ ಲೆಕ್ಕ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಅಲ್ಲಿನ ವಾತಾವರಣದ ಒತ್ತಡ ಹತ್ತಿರ ಹತ್ತಿರ 91 ಕಿಲೊಪ್ಯಾಸ್ಕಲ್. ನಮ್ಮ ಸಮುದ್ರಮಟ್ಟದಲ್ಲಿ 101. ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟಿನ ಸ್ಪ್ರಿಂಗ್ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ಬಲ್ಲದು. 120 ಕಿಲೊಪ್ಯಾಸ್ಕಲ್ ಬೂಸ್ಟಿಗೆ ಹೊಂದಿಸಿದ ಕಾರು ಅಲ್ಲಿ ಎಂಜಿನ್ನಿಗೆ 211 ಕೊಡುತ್ತಿತ್ತು, ಇಲ್ಲಿ 221 ಕೊಡುತ್ತದೆ. ಶಿರಾಡಿ ಇಳಿದು ಬಂದ ಮಾತ್ರಕ್ಕೆ ಎಂಜಿನ್ ಮ್ಯಾಪಿನಲ್ಲಿ ಒಂದು ಸಾಲು ಮೇಲೆ ಓಡತೊಡಗುತ್ತದೆ, ಮತ್ತು ಆ ಸಾಲನ್ನು ಡೈನೊದಲ್ಲಿ ಯಾರೂ ಮುಟ್ಟಿಯೇ ಇರುವುದಿಲ್ಲ. ಡಿಸೆಂಬರಿನ ಬೆಂಗಳೂರಿನ ತಂಪಿಗೂ ಏಪ್ರಿಲಿನ ಮಂಗಳೂರಿನ ಧಗೆಗೂ ಇರುವ ಗಾಳಿ ತಾಪದ ಅಂತರ ಇದರ ಮೇಲೆ ಬೇರೆ.

ಪರಿಹಾರ ಎರಡು. ಇಸಿಯುವಿನ ಬೂಸ್ಟ್ ಗುರಿಯನ್ನು ನಿರಪೇಕ್ಷ ಒತ್ತಡದಲ್ಲಿ ಬರೆಸಿ, ಆಗ ಎಲ್ಲಿದ್ದರೂ ಎಂಜಿನ್ನಿಗೆ 211 ಮಾತ್ರ ಸಿಗುತ್ತದೆ. ಮತ್ತು ಡೈನೊದಲ್ಲಿ ಗುರಿಗಿಂತ 20 ಕಿಲೊಪ್ಯಾಸ್ಕಲ್ ಮೇಲಿನ ಸಾಲುಗಳಲ್ಲೂ ಇಂಧನವನ್ನು ಸರಿಯಾಗಿ ತುಂಬಿಸಿ, ಇಗ್ನಿಷನ್ನನ್ನು ಹಿಂದಕ್ಕೆಳೆದು ಇಡಲು ಹೇಳಿ. ಗಾಳಿಯ ತಾಪ ಏರಿದಂತೆ ಇಗ್ನಿಷನ್ ಇಳಿಸುವ ಪಟ್ಟಿ ಖಾಲಿಯಿಲ್ಲವೆಂದು ನೀವೇ ಪರದೆಯಲ್ಲಿ ನೋಡಿ.

ಇದರ ತಿರುವು ಮುರುವೂ ಇದೆ. ಸಮುದ್ರಮಟ್ಟದಲ್ಲಿ 221ರ ಗುರಿ ಬರೆಸಿಕೊಂಡು ಆಗುಂಬೆ ಹತ್ತಿದರೆ ಹೊರಗಿನ ಒತ್ತಡ 94ಕ್ಕೆ ಇಳಿಯುತ್ತದೆ. ಅದೇ 221 ಕೊಡಲು ಟರ್ಬೊ ಗಾಳಿಯನ್ನು 2.19 ಪಟ್ಟು ಒತ್ತುವ ಬದಲು 2.35 ಪಟ್ಟು ಒತ್ತಬೇಕು, ಅಂದರೆ ಇನ್ನಷ್ಟು ಜೋರಾಗಿ ತಿರುಗಬೇಕು. ವಾತಾವರಣದ ಒತ್ತಡ ಇಳಿದಾಗ ಬೂಸ್ಟ್ ಗುರಿಯೂ ಇಳಿಯುವ ತಿದ್ದುಪಡಿ ಪಟ್ಟಿ ಇದಕ್ಕಾಗಿಯೇ ಇದೆ, ಹಂತ 6ರಲ್ಲಿ ಪ್ರತ್ಯೇಕ ಸೆನ್ಸರ್ ಕೇಳಿದ್ದೂ ಇದಕ್ಕೇ. ಹೆಬ್ರಿಯಿಂದ ಆಗುಂಬೆಯವರೆಗೆ ಆ 14 ಕೈತಿರುವುಗಳನ್ನು ಸಾಮಾನ್ಯ ವೇಗದಲ್ಲಿ ಹತ್ತಿ, ದಾಖಲೆಯಲ್ಲಿ ಆ ಸೆನ್ಸರಿನ ಗೆರೆ 101ರಿಂದ ಮೆಲ್ಲನೆ ಇಳಿದಿದೆಯೇ ನೋಡಿ. ಗೆರೆ ಅಲುಗದೆ ಮಲಗಿದ್ದರೆ ಸೆನ್ಸರ್ ಜೋಡಣೆಯಾಗಿಲ್ಲ ಅಥವಾ ತಂತ್ರಾಂಶದಲ್ಲಿ ಸ್ಥಿರ ಅಂಕಿ ಕೂತಿದೆ.

ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ದಾಖಲೆಯಲ್ಲಿ ಟ್ರಿಗರ್ ದೋಷದ ಎಣಿಕೆ ಸೊನ್ನೆಯಿಂದ ಮೇಲೆ ಏರುತ್ತಿದ್ದರೆ ಬೂಸ್ಟಿಗೆ ಹೋಗಬೇಡಿ, ಕಂಪ್ಯೂಟರಿಗೆ ಕ್ರ್ಯಾಂಕ್ ಎಲ್ಲಿದೆ ಎಂಬುದೇ ಆಗಾಗ ಮರೆಯುತ್ತಿದೆ ಎಂದರ್ಥ. ಪೂರ್ಣ ಥ್ರಾಟಲಿನಲ್ಲಿ ಬೂಸ್ಟ್ ಏರಿದಂತೆ ಇಂಧನ ಒತ್ತಡವೂ ಅಷ್ಟೇ ಏರಬೇಕು, 3 ಬಾರ್ ಮೂಲ ಒತ್ತಡವಿದ್ದು 1.2 ಬಾರ್ ಬೂಸ್ಟ್ ಬಂದಾಗ 4.2 ಕಾಣಬೇಕು. ಕಾಣದಿದ್ದರೆ ಪಂಪು ಸೋಲುತ್ತಿದೆ. ಆಯಿಲ್ ಒತ್ತಡಕ್ಕೆ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಎಂಬ ಹಳೆಯ ಅಂದಾಜನ್ನೇ ಕಡಿತದ ಗೆರೆಯಾಗಿ ಇಟ್ಟುಕೊಳ್ಳಬಹುದು.

ನಾಕ್ ಕಾರಣದಿಂದ ಒಂದೇ ಸಿಲಿಂಡರಿನ ಇಗ್ನಿಷನ್ ಮತ್ತೆ ಮತ್ತೆ ಹಿಂದೆ ಸರಿಯುತ್ತಿದ್ದರೆ ಮ್ಯಾಪನ್ನು ತಿದ್ದುವ ಮೊದಲು ಆ ಸಿಲಿಂಡರಿನ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ನಾಕ್ ಇಂಜೆಕ್ಟರಿನ ಹಿಂದೆಯೇ ಪಕ್ಕದ ಸಿಲಿಂಡರಿಗೆ ಹೋದರೆ ಕಳ್ಳ ಸಿಕ್ಕಿದ. ಅಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್ ತೆಗೆದು ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ನೋಡಿ. ಅದರ ಮೇಲೆ ಸಾಸಿವೆಗಿಂತ ಸಣ್ಣ, ಹೊಳೆಯುವ ಬೆಳ್ಳಿ ಚುಕ್ಕೆಗಳಿದ್ದರೆ ಅವು ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ. ಕಾರನ್ನು ಅಲ್ಲೇ ನಿಲ್ಲಿಸಿ, ಟೋ ಟ್ರಕ್ ಕರೆಸಿ.